ಉದ್ದಕ್ಕ ಒಂದು ದಿನವೂ ಓಡಲಿಲ್ಲ

ನಮ್ಮಣ್ಣ ಆಫ್ರಿಕಾದ ಕಾಡಿಗೆ ಸಫಾರಿ ಹೋಗುವ ಯೋಜನೆ ಬರೆದದ್ದು ಮೃಗಾಲಯದ ದಿನಚರಿ ಪುಸ್ತಕದಲ್ಲಿ. ನಿವೃತ್ತಿಯ ದಿನ ಅಂಥದೊಂದು ಖಾಲಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ಆರು ವರ್ಷ ಬಿಟ್ಟು ಅದಕ್ಕೊಂದು ಕೆಲಸ ಸಿಕ್ಕಿತು. ಬೆಳಿಗ್ಗೆ ಏಳು ಗಂಟೆ ಮೃಗಾಲಯದಲ್ಲಿ ಸೊಪ್ಪು ಹಾಕುವ ಹೊತ್ತು, ಆದ್ದರಿಂದ ಏಳಕ್ಕೆ ಜೀಪು ಹೊರಡಬೇಕು. ಸಂಜೆ ನಾಲ್ಕಕ್ಕೆ ಇನ್ನೊಂದು ಸಲ. ಮಂಗಳವಾರ ರಜೆ.

"ಮಂಗಳವಾರ ಯಾಕೆ ಅಂಕಲ್ ರಜೆ?" ಎಂದು ಟ್ರಾವೆಲ್ಸಿನ ಹುಡುಗಿ ಕೇಳಿದಳು.

"ಅವತ್ತು ಪ್ರಾಣಿಗಳಿಗೆ ರೆಸ್ಟಮ್ಮ. ಜನರನ್ನ ಒಳಗೆ ಬಿಡಲ್ಲ."

ನನಗೆ ನಗು ತಡೆಯಲಾಗಲಿಲ್ಲ. "ಅಲ್ಲಣ್ಣ, ನಮ್ಮ ಝೂ ಗೇಟಿನ ರಜೆ ಬೋರ್ಡನ್ನ ಆ ಕಾಡಿಗೆ ಯಾರು ತಗೊಂಡು ಹೋಗಿ ನೇತುಹಾಕಿದ್ರು?" ಎಂದೆ. ಅವನು ಮುಖ ಊದಿಸಿಕೊಂಡ. ನಾನಾದರೂ ಏನು ಮಹಾ? ಮೂವತ್ತು ವರ್ಷ ಅದೇ ಗೇಟಿನಲ್ಲಿ ಟಿಕೆಟ್ ಹರಿದವಳು. ಇವತ್ತಿಗೂ ಮಂಗಳವಾರ ಏಳುವುದು ತಡವೇ.

ಅಣ್ಣ ಜಿರಾಫೆ ನೋಡಿಕೊಳ್ಳುತ್ತಿದ್ದ. ಅದು ಮರದ ಪೆಟ್ಟಿಗೆಯಲ್ಲಿ ಮರಿಯಾಗಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮರಿ ಅಂದರೆ ಏನು, ಬಂದ ದಿನವೇ ಅಣ್ಣನಿಗಿಂತ ಒಂದು ಗೇಣು ಎತ್ತರ. ಅವನೋ ಐದಡಿ ಒಂದಿಂಚು. ಸ್ಟೂಲು ಹತ್ತಿ ನಿಂತು ಬಾಟಲಿಯಲ್ಲಿ ಹಾಲು ಕುಡಿಸಬೇಕಿತ್ತು. ಮೂರು ದಿನ ಅದು ಬಾಯಿ ಬಿಡಲಿಲ್ಲ, ಅವನೂ ಮನೆಗೆ ಬರಲಿಲ್ಲ. ನಾಲ್ಕನೆಯ ದಿನ ಅಂಗಿಯ ತುಂಬ ಹಾಲು ಸುರಿಸಿಕೊಂಡು ಬಂದು, "ಕುಡೀತು ಕಣೇ, ಕುಡೀತು" ಎಂದು ಬಾಗಿಲಲ್ಲೇ ಅತ್ತುಬಿಟ್ಟ. ಜನ ಅದಕ್ಕೆ ಉದ್ದಕ್ಕ ಎಂದು ಹೆಸರಿಟ್ಟರು. ಅಣ್ಣ ಉದ್ದಕ್ಕನ ತಮ್ಮ ಆದ. ಹಾಗೆ ಕರೆದರೆ ಅವನು ಒಳಗೊಳಗೇ ಉಬ್ಬುತ್ತಿದ್ದ.

ನನ್ನ ಟಿಕೆಟ್ ಕಿಟಕಿಯಿಂದ ಗೋಡೆಯಾಚೆ ಅದರ ತಲೆ ಮಾತ್ರ ಕಾಣುತ್ತಿತ್ತು. ಮಧ್ಯಾಹ್ನ ನೀರಿಡುವಾಗ ಅಣ್ಣ ಬಕೆಟನ್ನು ಎರಡು ಸಲ ಬಡಿದರೆ ಸಾಕು, ಆ ತಲೆ ಮೆಲ್ಲನೆ ಎಡಕ್ಕೆ ಹೊರಡುತ್ತಿತ್ತು. ಇಪ್ಪತ್ನಾಲ್ಕು ವರ್ಷ ಆ ಸದ್ದು ಕೇಳಿ, ಆ ತಲೆ ನೋಡಿ ನಾನು ಊಟದ ಡಬ್ಬಿ ಬಿಚ್ಚಿದ್ದೇನೆ. ಅದು ಸತ್ತ ಮೇಲೆ ಎಷ್ಟೋ ದಿನ ಹಸಿವೇ ತಿಳಿಯುತ್ತಿರಲಿಲ್ಲ. ಅದು ಬಂದ ಪೆಟ್ಟಿಗೆಯ ಒಂದು ಹಲಗೆ ಈಗ ನಮ್ಮ ಅಡುಗೆಮನೆಯ ಶೆಲ್ಫು. ಉಪ್ಪಿನ ಡಬ್ಬಿ ಎತ್ತಿದರೆ ಅದರಡಿ ಕಪ್ಪು ಬಣ್ಣದಲ್ಲಿ ಉದ್ದಕ್ಕ ಹುಟ್ಟಿದ ಕಾಡಿನ ಹೆಸರು. ಹೋಗಬೇಕೆಂದು ಅಣ್ಣ ಹಟ ಹಿಡಿದದ್ದು ಅಲ್ಲಿಗೇ.

ಹಟಕ್ಕೆ ಕಾರಣವಿತ್ತು. ಅವನ ಕಣ್ಣಿನ ನರ ಒಣಗುತ್ತಿದೆ. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದು ಉಳಿಯುವುದೂ ಖಾತ್ರಿಯಿಲ್ಲ. "ಡಾಕ್ಟರು ಇನ್ನೂ ಎರಡು ವರ್ಷ ಧಾರಾಳ ಅಂದ್ರು" ಎಂದು ಅವನು ಹೇಳಿದ್ದ. ನಾನು ನಂಬಿದ್ದೆ. ಹುಡುಗಿ ಸೆಪ್ಟೆಂಬರ್ ಒಳ್ಳೆಯ ಕಾಲ ಎಂದಳು, ಹಾಗೇ ಆಗಲಿ ಎಂದೆವು.

ಅರ್ಜಿಯಲ್ಲಿ ವಿಶೇಷ ಕೋರಿಕೆ ಎಂಬ ಜಾಗದಲ್ಲಿ ಅಣ್ಣ ಬರೆದ: ಪ್ರಾಣಿಯ ಹತ್ತಿರ ಹೋಗಕೂಡದು. ನನಗೆ ತಲೆ ಕೆಟ್ಟುಹೋಯಿತು. ಮಬ್ಬುಗಣ್ಣಿನವನು ದೂರ ನಿಂತು ನೋಡುವುದೇನು, ಮಣ್ಣು? ಅವನಿಗೆ ಹೇಳದೆ ಹುಡುಗಿಗೆ ಫೋನ್ ಮಾಡಿ, ಆದಷ್ಟೂ ಹತ್ತಿರ ಕರೆದುಕೊಂಡು ಹೋಗಿ ಎಂದು ತಿದ್ದಿಸಿದೆ. ಮರುದಿನ ಅವನಿಗೆ ಗೊತ್ತಾಯಿತು. ಮನೆಯಲ್ಲಿ ದೊಡ್ಡ ರಂಪ.

"ಹತ್ತಿರ ಹೋದ್ರೆ ಅದು ನಿಂತ್ಕೊಂಡು ನಮ್ಮನ್ನೇ ನೋಡುತ್ತೆ. ನಿಂತಿರೋ ಜಿರಾಫೆನ ಇಪ್ಪತ್ನಾಲ್ಕು ವರ್ಷ ನೋಡಿದ್ದೀನಿ, ಸಾಕು."

"ಮತ್ತೆ ಇನ್ನೇನು ನೋಡಬೇಕು ನಿಂಗೆ?"

"ಓಡೋದು."

ಅಣ್ಣ ಶೆಲ್ಫಿನ ಕಡೆ ನೋಡುತ್ತ ಹೇಳಿದ. "ನಮ್ಮ ಆವರಣ ನಲವತ್ತು ಹೆಜ್ಜೆ. ಮರಿಯಿದ್ದಾಗ ಒಂದು ಸಲ ಓಡಕ್ಕೆ ಹೊರಟಿತ್ತು. ಬೇಲಿಗೆ ಬಡ್ಕೊಳ್ಳುತ್ತೆ ಅಂತ ಹೆದರಿ ನಾನು ಬಕೆಟ್ ಬಡಿದೆ. ತಿರುಗಿ ಬಂತು. ಆಮೇಲೆ ಸಾಯೋವರೆಗೂ ಒಂದು ದಿನಾನೂ ಓಡಲಿಲ್ಲ ಕಣೇ. ಇದು ಓಡುತ್ತಾ ಅಂತ ಮಕ್ಕಳು ಕೇಳ್ತಿದ್ರು. ಓ, ಗಾಳಿ ಥರ ಓಡುತ್ತೆ ಅಂತಿದ್ದೆ. ನಾನೇ ನೋಡಿರಲಿಲ್ಲ."

ಆ ಬಕೆಟಿನ ಸದ್ದಿಗೆ ನಾನು ಎಷ್ಟು ವರ್ಷ ಖುಷಿಪಟ್ಟಿದ್ದೆ!

ಹಾಗಾದರೆ ಎಷ್ಟು ದೂರ ಬೇಕು ಅಂತ ಬರೆದುಕೊಡಿ ಎಂದಳು ಹುಡುಗಿ. ಅದನ್ನು ತಿಳಿಯಲು ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಹೋದೆವು. ಅಣ್ಣ ಗೋಲು ಕಂಬದ ಹತ್ತಿರ ನಿಲ್ಲುವುದು, ನಾನು ದೂರ ದೂರ ಹೋಗಿ ಅಡ್ಡಡ್ಡ ಓಡುವುದು. ಅರವತ್ತೆರಡು ವರ್ಷದ ಜಿರಾಫೆ ನಾನು, ಅದೂ ಎಡಮಂಡಿ ಕೆಟ್ಟದ್ದು.

ಐವತ್ತು ಹೆಜ್ಜೆ ದೂರದಲ್ಲಿ ಓಡಿದೆ. "ಕಾಣ್ತಿದೆ! ಎಡಗಾಲು ಎಳೀತಿದ್ದೀಯ!" ಎಂದು ಕೂಗಿದ. ನೂರಕ್ಕೆ ಓಡಿದೆ. "ಬಾತುಕೋಳಿ! ಥೇಟ್ ಬಾತುಕೋಳಿ!" ಎಂದ. ಬೈದುಕೊಂಡೇ ನೂರೈವತ್ತು ಹೆಜ್ಜೆಗೆ ಹೋದೆ. ಅಲ್ಲಿ ಆಚೆಬದಿಯ ಗೋಲು ಕಂಬ. ಮಂಡಿ ಹಿಡಿದುಕೊಂಡಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಒಂದು ನಿಮಿಷ ಸುಧಾರಿಸಿಕೊಳ್ಳೋಣ ಎಂದು ಕಂಬ ಹಿಡಿದು ನಿಂತೆ.

ಆ ತುದಿಯಿಂದ ಅಣ್ಣ ಚಪ್ಪಾಳೆ ತಟ್ಟಿದ. "ಕಾಣ್ತಿದೆ, ಕಾಣ್ತಿದೆ! ಭೇಷ್! ಈಗ ನೋಡು, ಎಷ್ಟು ಚೆನ್ನಾಗಿ ಓಡ್ತಿದ್ದೀಯ!"

ನಾನು ಕಂಬ ಬಿಟ್ಟಿರಲಿಲ್ಲ. ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಅವನ ಎರಡು ವರ್ಷ ಧಾರಾಳದ ಕತೆ ಆಗ ಅರ್ಥವಾಯಿತು. ಅವನು ಚಪ್ಪಾಳೆ ನಿಲ್ಲಿಸಲೇ ಇಲ್ಲ. ಕಣ್ಣೊರೆಸಿಕೊಂಡೆ. ಆಮೇಲೆ, ಅವನ ಮಾತು ಸುಳ್ಳಾಗಬಾರದೆಂದು, ಮಂಡಿ ಹಾಳಾಗಿ ಹೋಗಲಿ ಎಂದು ಓಡಿದೆ.

ಸೋಮವಾರ ಟ್ರಾವೆಲ್ಸ್ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಸೆಪ್ಟೆಂಬರ್ ಬೇಡ, ಮುಂದಿನ ತಿಂಗಳೇ ಆಗಬೇಕು ಎಂದೆ.

"ಆಂಟಿ, ಆಗ ಅಲ್ಲಿ ಮಳೆ. ಹುಲ್ಲು ಎದೆಮಟ್ಟ ಬೆಳೆದಿರುತ್ತೆ. ಪ್ರಾಣಿಗಳು ಸರಿಯಾಗಿ ಕಾಣಲ್ಲ."

"ಹುಲ್ಲಿಗಿಂತ ಜಿರಾಫೆ ಉದ್ದ ತಾನೆ?"

ಅವಳು ನಕ್ಕು ಅರ್ಜಿ ಮುಂದಿಟ್ಟಳು. ವಿಶೇಷ ಕೋರಿಕೆಯಲ್ಲಿ, ನೂರು ಹೆಜ್ಜೆ, ಅದಕ್ಕಿಂತ ದೂರ ಬೇಡ ಎಂದು ನಾನೇ ಬರೆದೆ.

ಮನೆಗೆ ಬಂದಾಗ ಅಣ್ಣ ನಿದ್ದೆಯಲ್ಲಿದ್ದ. ದಿನಚರಿ ಪುಸ್ತಕ ತೆಗೆದು ಮಂಗಳವಾರದ ರಜೆಯನ್ನು ಹೊಡೆದುಹಾಕಿದೆ.