ಉಪ್ಪಿಲ್ಲದ ಹುರುಳಿ ಸಾರು

ಡಾಕ್ಟರು ನನ್ನ ಊಟದಿಂದ ಉಪ್ಪು ತೆಗೆಸಿ ತಿಂಗಳಾಗುತ್ತ ಬಂತು. ಬ್ಲಡ್ ಪ್ರೆಶರ್ ಅಂತೆ. ಇಷ್ಟು ವರ್ಷ ಅತ್ತೆಯನ್ನೂ ಗಂಡನನ್ನೂ ಸಹಿಸಿದ ರಕ್ತಕ್ಕೆ ಈಗ ಒಂದು ಚಿಟಿಕೆ ಉಪ್ಪು ಸಹಿಸಲಿಕ್ಕೆ ಆಗುವುದಿಲ್ಲವಂತೆ! ಸೊಸೆ ಹೇಮ ದಿನಾ ನನಗೆಂದು ಬೇರೆ ಪಾತ್ರೆಯಲ್ಲಿ ಬೇಯಿಸುತ್ತಾಳೆ, ನಾನು ದಿನಾ ಗೊಣಗುತ್ತೇನೆ. ಇವತ್ತು ಮಧ್ಯಾಹ್ನ ಬಡಿಸಿದ್ದು ಹುರುಳಿ ಸಾರು. ಮೂಗಿಗೆ ಹಳೆಯ ವಾಸನೆ, ಬಾಯಿಗಿಟ್ಟರೆ ಸಪ್ಪೆ. ಕೈ ಅಲ್ಲೇ ನಿಂತಿತು. ಪೂವಕ್ಕ ನೆನಪಾದಳು.

ಪೂವಕ್ಕ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಸಾವಿರದ ಒಂಬೈನೂರ ಅರವತ್ತರ ಆಚೀಚೆ ನಾನು ಮದುವೆಯಾಗಿ ಕಲ್ಲುಗುಂಡಿಯ ಆ ಮನೆಗೆ ಬಂದಾಗ ಅವಳಾಗಲೇ ಅಲ್ಲಿ ಹಳಬಳು. ಮಂಡೆಕೋಲು ಎಂಬ ಊರಿನ ಹುಡುಗಿ. ನನಗೆ ಅವಳು ಕಲಿಸಿದ ಮೊದಲ ಪಾಠ ಇದು. ಮನೆಯ ಮಾತು ಅರೆಭಾಷೆ, ನಿಮಗೆ ತಿಳಿಯಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಗಂಡನ ಮನೆಯಲ್ಲಿ ಬಡಿಸಿದ್ದಕ್ಕೆ ಕುಂದು ಹೇಳ್ಲಿಕ್ಕೆ ಇಲ್ಲ, ಗೊತ್ತಾಯ್ತಾ? ಉಪ್ಪು ಕಮ್ಮಿಯಾದ್ರೂ ಲಾಯ್ಕುಂಟು ಹೇಳುದು, ಜಾಸ್ತಿಯಾದ್ರೂ ಲಾಯ್ಕುಂಟು ಹೇಳುದು.”

ಲಾಯ್ಕುಂಟು ಎಂದರೆ ಚೆನ್ನಾಗಿದೆ ಎಂದು. ನಮ್ಮ ಕಡೆ ಸೊಸೆಯಂದಿರಿಗೆಲ್ಲ ಇದೇ ಪಾಠ. ನನ್ನ ಅಮ್ಮನೂ ಹೇಳಿರಬೇಕು, ನನ್ನ ಕಿವಿಗೆ ಹೋಗಿರಲಿಕ್ಕಿಲ್ಲ. ನಾನು ಹುಟ್ಟಾ ಬಾಯಿಬಡುಕಿ.

ಮರುವರ್ಷ ಪೂವಕ್ಕನ ಮಗು ಹೊಟ್ಟೆಯಲ್ಲೇ ತೀರಿಹೋಯಿತು. ಮಗುವೇ ಇಲ್ಲದ ಮೇಲೆ ಬಾಣಂತನ ಎಂತದ್ದು ಎಂದು ಬಾಣಂತಿಗೆ ಮೀಯಿಸುವ ಹೆಂಗಸನ್ನು ವಾಪಸು ಕಳಿಸಿದರು. ಆಮೇಲೆ ಶುರುವಾಯಿತು. ಬೆಳಗಾದರೆ ಪೂವಕ್ಕ ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯ ಮುಂದೆ ಕೂತುಬಿಡುತ್ತಿದ್ದಳು. ನೀರು ಕೊತಕೊತ ಕುದಿದರೂ ಸೌದೆ ತಳ್ಳುತ್ತಲೇ ಇರುತ್ತಿದ್ದಳು. ಮನೆಯವರ ಸ್ನಾನ ಮುಗಿದರೂ ಏಳುತ್ತಿರಲಿಲ್ಲ.

“ಯಾರಿಗೆ ಅಕ್ಕ ಇಷ್ಟು ನೀರು?” ಎಂದು ಕೇಳಿದೆ.

“ಮಗುವನ್ನು ಮೀಯಿಸ್ಲಿಕ್ಕೆ.” ಇನ್ನೊಂದು ಸೌದೆ ತಳ್ಳಿ, “ಮಗು ಇಲ್ಲ ಅಂತ ನಂಗೂ ಗೊತ್ತುಂಟು. ಆದ್ರೂ ಕೈ ಸುಮ್ಮನೆ ಕೂರುದಿಲ್ಲ ಮಾರಾಯ್ತಿ” ಎಂದಳು.

ಇದು ಹುಚ್ಚಾ? ನೀವೇ ಹೇಳಿ. ನಮ್ಮ ಮಾವ ಎತ್ತಿನ ಮೇಲೆ ಮುನಿಸಿಕೊಂಡು ಅದರೊಡನೆ ಮಾತು ಬಿಡುತ್ತಿದ್ದರು, ಅದಕ್ಕೆ ಪ್ರೀತಿ ಎಂದು ಹೆಸರು. ನನ್ನ ಗಂಡ ಮಲಗಿದಲ್ಲಿಂದ ಎದ್ದೆದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡುತ್ತಿದ್ದರು, ಅದಕ್ಕೆ ಜಾಗ್ರತೆ ಎಂದು ಹೆಸರು. ನಾನೋ, ಒಬ್ಬಳೇ ಇದ್ದಾಗ ಒಲೆಗೆ ಬೈಯುತ್ತೇನೆ, ಇವತ್ತಿಗೂ. ಯಜಮಾನರು ಮಾಡಿದ್ದಕ್ಕೆ ಒಂದು ಹೆಸರು, ಮಗು ಹೆತ್ತುಕೊಡದ ಸೊಸೆ ಮಾಡಿದ್ದಕ್ಕೆ ಇನ್ನೊಂದು.

ಜೋಯಿಸರು ಕವಡೆ ಹಾಕಿ ಪ್ರೇತಬಾಧೆ ಎಂದರು. ಬಾಧೆ ಬಿಡಿಸಿದ್ದೂ ಆಯಿತು, ಹಂಡೆಯ ಬೆಂಕಿ ಆರಲಿಲ್ಲ. ಸುಳ್ಯದ ಡಾಕ್ಟರು ಬಾಟ್ಲಿಯಲ್ಲಿ ಮದ್ದು ಕೊಟ್ಟು, ಇದರಲ್ಲಿ ಗುಣವಾಗದಿದ್ದರೆ ಹುಚ್ಚಾಸ್ಪತ್ರೆಗೇ ಸೇರಿಸಿ ಎಂದರು. ಪೂವಕ್ಕನ ಗಂಡ, ನನ್ನ ಭಾವ, ಮದ್ದಿಗೂ ಕಾಯದೆ ಅಂದೇ ಜೀಪು ಹೇಳಿಬರಲು ಹೊರಟಿದ್ದರು. ತಡೆದದ್ದು ಅತ್ತೆ. ಅವರಿಗೆ ಪೂವಕ್ಕ ಎಂದರೆ ಜೀವ.

“ನಿಲ್ಲು ಮಗ. ನಾನೊಂದು ನೋಡ್ತೇನೆ. ಉಪ್ಪು ತಿಳಿಯುವವರೆಗೆ ಮಂಡೆ ಸರಿ ಉಂಟು ಅಂತ ಲೆಕ್ಕ.”

ಹಿರಿಯರ ಪರೀಕ್ಷೆ ಅದು. ಸಪ್ಪೆ ಬಡಿಸುವುದು, ಉಪ್ಪು ಕೇಳಿದರೆ ಬುದ್ಧಿ ನೆಟ್ಟಗಿದೆ, ಕೇಳದಿದ್ದರೆ ಹುಚ್ಚು. ಮರುದಿನ ನಾವಿಬ್ಬರೂ ಸೊಸೆಯಂದಿರು ಊಟಕ್ಕೆ ಕೂತೆವು. ನನಗೆ ಏನೂ ಹೇಳಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟವಳೇ ನಾನು ಕೂಗಿದೆ, “ಎಂತ ಅತ್ತೆ ಇದು, ಸಾರಿಗೆ ಉಪ್ಪೇ ಇಲ್ಲ!”

ಅತ್ತೆ ಸೆರಗಿನ ಮರೆಯಲ್ಲಿ ಹಿಡಿದಿದ್ದ ಉಪ್ಪು ತುಂಬಿದ ತೆಂಗಿನ ಗೆರಟೆ ತೆಗೆದು ನನಗೆ ಬಡಿಸಿದರು. ಆಮೇಲೆ ಪೂವಕ್ಕನ ಎದುರು ಬಗ್ಗಿದರು. ಗೆರಟೆಯನ್ನು ಅವಳ ತಟ್ಟೆಯ ಹತ್ತಿರಕ್ಕೇ ಒಡ್ಡಿದರು.

“ನಿಂಗೆ ಬೇಡ್ವಾ ಮಗಾ?”

“ಬೇಡ ಅತ್ತೆ. ಲಾಯ್ಕುಂಟು.”

“ಸರಿ ನೋಡಿ ಹೇಳು.”

“ಲಾಯ್ಕುಂಟು ಅತ್ತೆ” ಎಂದು ಪೂವಕ್ಕ ತಟ್ಟೆಯನ್ನು ಬಳಿದು ಉಂಡಳು.

ಅತ್ತೆ ಗೆರಟೆ ಹಿಡಿದುಕೊಂಡು ಅಲ್ಲೇ ಕೂತು ಅತ್ತರು. ಅವಳು ಮರ್ಯಾದೆಗೆ ಹಾಗೆ ಹೇಳಿದ್ದು ಎಂದು ನಾನು ಬಡಕೊಂಡೆ. “ಮರ್ಯಾದೆ ಇದ್ರೆ ನಾಲಗೆ ಇರುದಿಲ್ವಾ?” ಎಂದರು ಭಾವ. ಮರ್ಯಾದೆಗೆಟ್ಟ ನಾನು ಬುದ್ಧಿವಂತೆ ಎಂದು ಪಾಸಾದೆ. ಪೂವಕ್ಕನನ್ನು ಜೀಪಿನಲ್ಲಿ ಕೂರಿಸಿದರು.

ಕೆಲವು ವರ್ಷಗಳ ಮೇಲೆ ಗಂಡನನ್ನು ಕಾಡಿ ಬೇಡಿ ಒಮ್ಮೆ ಆಸ್ಪತ್ರೆಗೆ ಹೋದೆ. ಪೂವಕ್ಕನ ಕೂದಲು ಕತ್ತರಿಸಿದ್ದರು. ನನ್ನ ಗುರುತು ಹಿಡಿದಳು, ಎತ್ತಿನ ಸುದ್ದಿ ಕೇಳಿದಳು, ಅತ್ತೆಯ ಸೊಂಟನೋವು ಕೇಳಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು.

“ನಾನು ಇಲ್ಲಿಗೆ ಬರುವ ಮುಂಚೆ ಅತ್ತೆ ಒಂದು ದಿನ ಉಪ್ಪು ಮರೆತಿದ್ರು, ಅಲ್ವಾ? ಪಾಪ, ಪ್ರಾಯ ಆಯ್ತು ಅವರಿಗೆ. ನೀನು ಹಾಗೆ ಕೂಗ್ಲಿಕ್ಕಿರಲಿಲ್ಲ. ನಾನು ಹೇಳ್ಲೇ ಇಲ್ಲ ನೋಡು.”

ಅವಳನ್ನು ಮನೆಗೆ ಕರೆದುಕೊಂಡು ಬರೋಣವೆಂದರೆ ಭಾವ ಇನ್ನೊಂದು ಮದುವೆಯಾಗಿದ್ದರು, ಆ ಹೊಸ ಅಕ್ಕನ ತೊಡೆಯಲ್ಲಿ ಮಗುವೂ ಇತ್ತು. ಬಚ್ಚಲಿನ ಅದೇ ಹಂಡೆಯ ನೀರಿನಲ್ಲಿ ಅದನ್ನು ಮೀಯಿಸುತ್ತಿದ್ದರು. ಪೂವಕ್ಕ ಆಸ್ಪತ್ರೆಯಲ್ಲೇ ತೀರಿಕೊಂಡಳು. ಸುದ್ದಿ ನಮಗೆ ತಲುಪುವಾಗ ಎಲ್ಲ ಮುಗಿದಿತ್ತು. ಇದಕ್ಕೆ ಸಮಾಧಾನ ಎಂಬುದಿಲ್ಲ. ನಾನು ಹುಡುಕುವುದನ್ನೂ ಬಿಟ್ಟಿದ್ದೇನೆ.

ಇವತ್ತು ಇದೆಲ್ಲ ಮನಸ್ಸಿಗೆ ಬಂದು, ಆ ಸಪ್ಪೆ ಸಾರನ್ನು ಗೊಣಗದೆ ಉಣ್ಣುತ್ತಿದ್ದೆ. ಹೇಮ ಅಡುಗೆಮನೆಯಿಂದ ಇಣುಕಿದಳು. ಕೈ ಒರೆಸಿಕೊಂಡು ಬಂದು ನನ್ನ ಹಣೆ ಮುಟ್ಟಿದಳು.

“ಎಂತಾಯ್ತು ಅತ್ತೆ? ಇವತ್ತು ಎಂತದೂ ಹೇಳ್ಲೇ ಇಲ್ಲ. ಸಾರು ಹೇಗುಂಟು?”

ಲಾಯ್ಕುಂಟು ಎನ್ನಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಉಪ್ಪಿಲ್ಲ!” ಎಂದು ಕಿರುಚಿದೆ. “ಉಪ್ಪಿಲ್ಲ ಮಾರಾಯ್ತಿ, ಬಾಯಿಗಿಡ್ಲಿಕ್ಕೆ ಆಗುದಿಲ್ಲ!”

“ಹಾಂ, ಸರಿ ಇದ್ದೀರಿ” ಎಂದು ಹೇಮ ನಕ್ಕು ಒಳಗೆ ಹೋದಳು.