ಗಾದೋರ್ ಬೀಗ ಹಾಕಿದ ಒಂಬತ್ತು ದಿನ

ಬೆಳಗಿನ ಆರೂವರೆ. ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮ ಉಳಿದಿದೆ. ಕೆಳಗೆ ಕಣಿವೆಯಲ್ಲಿ ಬಾದಾಮಿ ಗಿಡಗಳು ಹೂ ಉದುರಿಸಿ ಎಲೆ ಬಿಟ್ಟಾಗಿದೆ. ಲೋಸ್ ಹರಾಲೆಸ್ ಎಂಬ ಸ್ಪ್ಯಾನಿಷ್ ಊರಿನಿಂದ ಹೊಳೆಗೆ ಇಳಿಯುವ ಕಾಲುದಾರಿಯ ಹದಿನಾಲ್ಕನೆಯ ತಿರುವಿನಲ್ಲಿ ಗಾದೋರ್ ಮಲ್ದೊನಾದೊ ಮಂಡಿಯೂರಿ ಕೂತಿದ್ದಾರೆ. ಒಂದು ಮೆಟ್ಟಿಲಿನ ಕಲ್ಲು ಸಡಿಲಾಗಿದೆ. ಅದನ್ನು ಎಬ್ಬಿಸಿ, ಮೂರು ಸಲ ಮಗ್ಗುಲು ಬದಲಿಸಿ ನೋಡಿ, ನಾಲ್ಕನೆಯ ಸಲ ಕೂರಿಸಿ, ಅಡಿಗೆ ಅಂಗೈಯಗಲದ ಚಕ್ಕೆ ಸಿಕ್ಕಿಸಿ ಸುತ್ತಿಗೆಯಿಂದ ಎರಡು ಏಟು ಹಾಕುತ್ತಾರೆ. ಆಮೇಲೆ ಎದ್ದು ನಿಂತು ಅದರ ಮೇಲೆ ಕುಣಿದು ನೋಡುತ್ತಾರೆ, ಅರವತ್ತಮೂರು ವರ್ಷದ ಹೆಂಗಸು.

"ಕಲ್ಲಿಗೂ ಮುಖ ಇರುತ್ತೆ ಕಣಪ್ಪ. ಉಲ್ಟಾ ಕೂರಿಸಿದ್ರೆ ಮುನಿಸ್ಕೊಂಡು ಒಂದೇ ಮಳೆಗೆ ಎದ್ದು ಹೊರಟು ಹೋಗುತ್ತೆ" ಎಂದು ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾರೆ.

ದಾರಿಯ ಉದ್ದ ನಾಲ್ಕೂವರೆ ಕಿಲೋಮೀಟರು. ಇಪ್ಪತ್ತಮೂರು ತಿರುವು, ನಾನೂರ ಹನ್ನೆರಡು ಮೆಟ್ಟಿಲು. ಮೂವತ್ತೊಂದು ವರ್ಷದಿಂದ ಇದರ ಮುಳ್ಳು ಸವರುವುದು, ಬಿದ್ದ ಗೋಡೆ ಎತ್ತುವುದು, ನೀರು ಹೋಗುವ ಕಂಡಿ ಬಿಡಿಸುವುದು, ಬಂಡೆಗಳ ಮೇಲಿನ ಬಿಳಿ-ಹಳದಿ ಪಟ್ಟಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವುದು ಎಲ್ಲ ಗಾದೋರ್ ಅವರದೇ. ಊರಿನ ಪಂಚಾಯಿತಿ ಅವರನ್ನು ವರ್ಷಕ್ಕೆ ನಾಲ್ಕು ತಿಂಗಳು ಕೂಲಿಗೆ ಹಚ್ಚುತ್ತದೆ. ಉಳಿದ ಎಂಟು ತಿಂಗಳೂ ಅವರು ಬರುತ್ತಾರೆ. ಯಾಕೆ ಎಂದು ಕೇಳಿದರೆ, "ಆ ಎಂಟು ತಿಂಗಳು ಮುಳ್ಳು ರಜೆ ಹಾಕುತ್ತಾ?" ಎಂದು ತಿರುಗಿ ಕೇಳುತ್ತಾರೆ.

ಒಂಬತ್ತು ಗಂಟೆಗೆ ನಡೆಯುವವರು ಬರಲು ಶುರು. ರಜೆಗೆಂದು ದೂರದ ಊರುಗಳಿಂದ ಬಂದವರು. ಕೊರಳಿಗೆ ನಕ್ಷೆ, ತಲೆಗೆ ಟೊಪ್ಪಿ, ಕೈಯಲ್ಲಿ ಕೋಲು. ಏಪ್ರಿಲ್‌ನಲ್ಲಿ ದಿನಕ್ಕೆ ಇನ್ನೂರು ಜನ ದಾಟುವುದುಂಟು. ಗಾದೋರ್ ಮೆಟ್ಟಿಲ ಮೇಲೆ ಬಗ್ಗಿದ್ದರೆ ಬಳಸಿಕೊಂಡು ಹೋಗುತ್ತಾರೆ. ಒಬ್ಬಾಕೆ ಒಮ್ಮೆ ಮರುಕಪಟ್ಟು ಬಾಳೆಹಣ್ಣು ಕೊಟ್ಟಳಂತೆ. "ಹಸಿದಿದೀನಿ ಅಂದ್ಕೊಂಡ್ಳು ಪಾಪ. ತಿಂದೆ. ಹಣ್ಣು ಏನು ಪಾಪ ಮಾಡಿತ್ತು?"

ನಡಿಗೆಯವರ ಕೈಪಿಡಿಗಳಲ್ಲಿ ಈ ದಾರಿಗೆ ಅರ್ಧ ಪುಟ ಮೀಸಲು. ಹಿಂದೆ ಇಲ್ಲಿ ಆಳಿದ ಮೂರ್ ಮುಸ್ಲಿಮರ ಕಾಲದ ದಾರಿ, ಐನೂರು ವರ್ಷಗಳಿಂದ ಹಾಗೆಯೇ ಉಳಿದುಕೊಂಡಿದೆ ಎಂದು ಬರೆದಿದ್ದಾರೆ. ಗಾದೋರ್ ಅವರ ಗಂಡ ಸೆಸಿಲಿಯೊ ಅದನ್ನು ಬಾರಿನಲ್ಲಿ ಎಲ್ಲರಿಗೂ ಓದಿ ಹೇಳುತ್ತಾರೆ. "ಹಾಗೇ ಉಳ್ಕೊಂಡಿದೆಯಂತೆ! ನನ್ನ ಹೆಂಡ್ತಿ ಸೊಂಟ ಕೇಳ್ರಯ್ಯಾ, ಅದು ಹೇಗೆ ಉಳ್ಕೊಂಡಿದೆ ಅಂತ."

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು, ನಾಲ್ಕು ಒಳ್ಳೆಯ ಮಾತು ಬರೆದು, ಭಾನುವಾರದ ಪುರವಣಿಯಲ್ಲಿ ಹಾಕಿ ಕೈ ತೊಳೆದುಕೊಳ್ಳುವುದು ವಾಡಿಕೆ. ಈ ಸಲ ಅಷ್ಟು ಸಲೀಸಿಲ್ಲ. ಬರುವ ಶುಕ್ರವಾರ ಹನ್ನೊಂದನೆಯ ತಿರುವಿನಲ್ಲಿ ಕಬ್ಬಿಣದ ಗೇಟು ಏಳಲಿದೆ. ಅಲ್ಲಿಂದ ಹದಿನೇಳನೆಯ ತಿರುವಿನವರೆಗಿನ ದಾರಿ ಖಾಸಗಿ ಎಂದು ತೀರ್ಪಾಗಿದೆ. ಊರವರ ತರಕಾರಿ ಪಾತಿಗಳಿರುವುದು ಹೊಳೆಯ ದಡದಲ್ಲಿ. ಕಾಲುದಾರಿಯಲ್ಲಿ ನಲವತ್ತು ನಿಮಿಷ, ಡಾಂಬರು ರಸ್ತೆಯಲ್ಲಿ ಸುತ್ತಿದರೆ ಹನ್ನೊಂದು ಕಿಲೋಮೀಟರು. ದಾರಿ ಹೋದದ್ದು ಯಾರಿಂದ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಬರುವ ಹೆಸರು ಒಂದೇ. ಗಾದೋರ್.

ಗಾದೋರ್ ಕೂಡ ಅದನ್ನೇ ಹೇಳುತ್ತಾರೆ.

ಆ ತುಂಡು ದಾರಿಯ ಅಂಚಿನ ಮೂರು ಪಾವಟಿಗೆ ಹೊಲ ಒಂದು ಕಾಲಕ್ಕೆ ಅವರದು. ಆಡು ಸಾಕಿದ್ದರು, ನಲವತ್ತು ತಲೆ. ಆಡುಗಳು ಕೊರಕಲಿನ ಕಡೆ ಇಳಿಯದಂತೆ ದಾರಿಗೆ ಅಡ್ಡಲಾಗಿ ಹಳೆಯ ಮಂಚದ ಸ್ಪ್ರಿಂಗಿನ ಚೌಕಟ್ಟು ನಿಲ್ಲಿಸಿದ್ದರು. ಈ ಬೆಟ್ಟದಲ್ಲಿ ಮಂಚ ಮುರಿದರೆ ಬಿಸಾಡುವುದಿಲ್ಲ, ಗೇಟು ಮಾಡುತ್ತಾರೆ. ಬೀಗವಿಲ್ಲ, ಒಂದು ತಂತಿಯ ಕುಣಿಕೆ ಅಷ್ಟೇ. ತೆಗೆದು ದಾಟಬೇಕು, ದಾಟಿ ಹಾಕಬೇಕು. ಹಾಲು ಹಲ್ಲಿನ ಮಗುವಿಗೂ ಗೊತ್ತಿರುವ ನೇಮ. ನಡಿಗೆಯವರಿಗೆ ಆ ಗೇಟೆಂದರೆ ಪ್ರಾಣ, ಎಲ್ಲರೂ ಅದರ ಚಿತ್ರ ತೆಗೆಯುತ್ತಿದ್ದರು. "ನಮ್ಮ ಮದುವೆ ಮಂಚ ಅದು. ಎಷ್ಟು ದೇಶದ ಗೋಡೆ ಮೇಲೆ ನೇತಾಡ್ತಿದೆಯೋ. ಅದರ ಮೇಲೆ ಮಲಗಿದ್ದ ನನ್ನ ಚಿತ್ರ ಮಾತ್ರ ಯಾವನೂ ತೆಗೀಲಿಲ್ಲ" ಎಂದು ಸೆಸಿಲಿಯೊ ನಗುತ್ತಾರೆ.

ಹದಿನೆಂಟು ವರ್ಷಗಳ ಹಿಂದೆ, ಈಸ್ಟರ್ ವಾರ. ರಜೆಯ ಗುಂಪೊಂದು ಗೇಟು ತೆರೆದೇ ಬಿಟ್ಟು ಹೋಯಿತು. ಸಂಜೆಯೊಳಗೆ ಹನ್ನೊಂದು ಆಡು ಪಕ್ಕದವರ ಅವರೆ ಮಡಿ ನುಣ್ಣಗೆ ಮಾಡಿದ್ದವು. ನಾಲ್ಕು ಕೊರಕಲಿಗೆ ಬಿದ್ದವು. ಅದರಲ್ಲೊಂದು ಗಬ್ಬದ ಆಡು, ಸಾಯಲು ಎರಡು ದಿನ ತೆಗೆದುಕೊಂಡಿತು. ಇಳಿದು ಮೇಲೆತ್ತಲು ದಾರಿಯಿರಲಿಲ್ಲ. ಅದರ ಕೂಗು ಮನೆಯವರೆಗೂ ಕೇಳುತ್ತಿತ್ತು.

"ಮೂರನೇ ದಿನ ನನ್ನ ತಲೆ ನೆಟ್ಟಗಿರಲಿಲ್ಲ" ಎನ್ನುತ್ತಾರೆ ಗಾದೋರ್. "ಅತ್ತೆ ಬೀರುವಿನ ಹಲಗೆ ಕಿತ್ಕೊಂಡೆ. ಕೆಂಪು ಬಣ್ಣ ಇತ್ತು. 'ಖಾಸಗಿ ಜಾಗ, ಒಳಗೆ ಬರಬಾರದು' ಅಂತ ಬರೆದೆ. ಕೋಳಿಗೂಡಿನ ಬೀಗ ತಂದು ಗೇಟಿಗೆ ಜಡಿದೆ. ಹತ್ತು ವರ್ಷಕ್ಕೇ ಸ್ಕೂಲು ಬಿಟ್ಟೋಳು ನಾನು. ಅದಾದ ಮೇಲೆ ನಾಲ್ಕು ಜನ ನೋಡೋ ಹಾಗೆ ಬರೆದಿದ್ದು ಅದೊಂದೇ."

ಬೀಗ ಒಂಬತ್ತು ದಿನ ಇತ್ತು. ಒಂಬತ್ತನೆಯ ದಿನ ಬೇಕರಿಯ ಫ್ರಾಸ್ಕಿತಾಳ ಅಪ್ಪ ಹೇಸರಗತ್ತೆಯ ಮೇಲೆ ಹಿಟ್ಟಿನ ಮೂಟೆ ಹೇರಿಕೊಂಡು ಬಂದು ಗೇಟಿನ ಎದುರು ನಿಂತ. ಕೂಗಲಿಲ್ಲ, ಬೈಯಲಿಲ್ಲ. ಗಾದೋರ್ ಬರುವವರೆಗೂ ಕಾದಿದ್ದು, "ನಿಮ್ಮಪ್ಪ ಇದ್ದಿದ್ರೆ ಈ ಬೀಗಾನ ನಿನ್ನ ಕೈಲೇ ನುಂಗಿಸ್ತಿದ್ದ ಕಣೇ" ಎಂದು ಹೇಸರಗತ್ತೆಯನ್ನು ಹಿಂದಕ್ಕೆ ತಿರುಗಿಸಿದ. ಅವಮಾನದಿಂದ ಗಾದೋರ್ ಅಲ್ಲಿಯೇ ಬೀಗ ಒಡೆದರು. ಹಲಗೆಯನ್ನು ಆ ದಿನವೇ ಒಲೆಗೆ ಹಾಕಿದರು. ಊರು ಮರೆಯಿತು.

ಆದರೆ ಆರನೆಯ ದಿನ ಆ ಗೇಟಿನವರೆಗೆ ಒಬ್ಬ ನಡೆದು ಬಂದಿದ್ದ. ಉತ್ತರದ ದೇಶದವನು, ರಜೆಗೆ ಬಂದವನು, ಎರಡೂ ಕೈಯಲ್ಲಿ ಕೋಲು ಹಿಡಿದೇ ನಡೆಯುವವನು. ಹೀಗಾಗಿ ಊರಿಟ್ಟ ಹೆಸರು ಜೋಡುಕೋಲಿನವ. ಗೇಟು ಮುಚ್ಚಿದೆಯೆಂದು ಆತ ಬೇಸರಪಡಲಿಲ್ಲ. ಸೊಟ್ಟ ಅಕ್ಷರದ ಆ ಕೆಂಪು ಬರಹ ಮುದ್ದಾಗಿದೆಯೆಂದು ಒಂದು ಫೋಟೋ ತೆಗೆದುಕೊಂಡ. ಮರುವರ್ಷವೂ ಬಂದ, ಅದರ ಮರುವರ್ಷವೂ ಬಂದ. ಗಾದೋರ್ ಮನೆಯ ಹೂಜಿಯ ನೀರು ಕುಡಿದ, ಅಂಜೂರ ತಿಂದ. ಸೆಸಿಲಿಯೊಗೆ ಉಬ್ಬಸ ಹತ್ತಿ ಆಡುಗಳನ್ನು ಮಾರಿದ ಮೇಲೆ, ಒಂಬತ್ತು ವರ್ಷಗಳ ಹಿಂದೆ, ಮೂರು ಪಾವಟಿಗೆ ಹೊಲವನ್ನೂ ಆತನೇ ಕೊಂಡ. ಒಳ್ಳೆಯ ಬೆಲೆಯನ್ನೇ ಕೊಟ್ಟ, ಅದನ್ನು ಗಾದೋರ್ ಇಂದಿಗೂ ಹೇಳುತ್ತಾರೆ. ಪತ್ರದಲ್ಲಿ ದಾರಿಯ ಮಾತು ಇರಲಿಲ್ಲ. "ಯಾರು ಬರೆಸ್ತಾರೆ? ಬಿಸಿಲು ಬೀಳುತ್ತೆ ಅಂತ ಪತ್ರದಲ್ಲಿ ಬರೆಸ್ತೀವಾ?"

ಜೋಡುಕೋಲಿನವ ಅಲ್ಲಿ ಹನ್ನೊಂದು ಕೋಣೆಯ ತಂಗುಮನೆ ಕಟ್ಟಿದ. ನಡಿಗೆಗೆ ಬರುವ ಶ್ರೀಮಂತರಿಗೆಂದೇ ಮಾಡಿದ್ದು. ತೆರೆದ ದಿನ ಗಾದೋರ್ ದಂಪತಿಯನ್ನು ಕರೆದು, ಊಟದ ಕೋಣೆಯ ಗೋಡೆ ತೋರಿಸಿದ. ಅಲ್ಲಿ ಕಟ್ಟುಹಾಕಿದ ಚಿತ್ರ. ಮಂಚದ ಗೇಟು, ಕೋಳಿಗೂಡಿನ ಬೀಗ, ಕೆಂಪು ಬರಹ. ಮೂಲೆಯಲ್ಲಿ ತಾರೀಕು.

"ನನಗೆ ಖುಷಿಯಾಯ್ತು ಕಣಪ್ಪ, ಸುಳ್ಳು ಯಾಕೆ ಹೇಳ್ಲಿ" ಎನ್ನುವಾಗ ಗಾದೋರ್ ಮುಖ ತಿರುಗಿಸಿಕೊಳ್ಳುತ್ತಾರೆ. "ನಾನು ಬರೆದಿದ್ದಕ್ಕೆ ಗಾಜು ಹಾಕ್ಸಿದಾರೆ ಅಂತ ನಕ್ಕೆ. ಎಲ್ಲಾರ್ಗೂ ತೋರಿಸ್ದೆ. ನೋಡ್ರೀ, ನನ್ನ ಅಕ್ಷರ ಅಂತ."

ಅತಿಥಿಗಳಿಗೆ ಮೊದಮೊದಲು ದಾರಿಯಲ್ಲಿ ಜನ ಓಡಾಡುವುದು ಚಂದವಿತ್ತು. ಆಮೇಲೆ ಕಿಟಕಿಯ ಕೆಳಗೆ ಬುತ್ತಿ ಬಿಚ್ಚುವ ನಡಿಗೆಯವರು, ಈರುಳ್ಳಿ ಮೂಟೆ ಹೊತ್ತು ಬೆವರುವ ಊರವರು ಕಣ್ಣಿಗೆ ಚುಚ್ಚತೊಡಗಿದರು. ದಾರಿ ತನ್ನದೆಂದು ಆತ ಅರ್ಜಿ ಹಾಕಿದ. ಸಾಕ್ಷಿ ಏನು ಎಂದು ತಡಕಾಡುತ್ತಿದ್ದ ವಕೀಲರು, ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ತಲೆಯೆತ್ತಿ ಗೋಡೆ ನೋಡಿದರು.

ವಿಚಾರಣೆ ನಡೆದದ್ದು ಫೆಬ್ರವರಿಯಲ್ಲಿ, ಪಂಚಾಯಿತಿಯ ಹಜಾರದಲ್ಲಿ, ನ್ಯಾಯಾಧೀಶರ ಎದುರು. ಊರಿನ ಏಳು ಹಿರಿಯರು ಇದು ಅಜ್ಜನ ಕಾಲದಿಂದ ಎಲ್ಲರೂ ನಡೆದ ದಾರಿ ಎಂದು ಹೇಳಿದರು. ಎಂಟನೆಯ ಸಾಕ್ಷಿ ಗಾದೋರ್. ಹಿಂದಿನ ದಿನ ಇಡೀ ಊರು ಅವರ ಮನೆಯಲ್ಲಿತ್ತು. "ನಿನ್ನ ಅಕ್ಷರ ಅಲ್ಲ ಅನ್ನು, ಅಷ್ಟೇ. ಹಲಗೆ ಸುಟ್ಟು ಬೂದಿಯಾಗಿದೆ. ಯಾರು ಕೇಳ್ತಾರೆ?" ಎಂದು ಫ್ರಾಸ್ಕಿತಾ ಕೈ ಹಿಡಿದು ಬೇಡಿದ್ದಳು. ಸೆಸಿಲಿಯೊ ಕೂಡ ಅದನ್ನೇ ಹೇಳಿದ್ದರು.

ಗಾದೋರ್ ಹೌದು, ತಾನೇ ಬರೆದದ್ದು ಎಂದುಬಿಟ್ಟರು.

"ಸತ್ಯವಂತರ ವಂಶ ಅಲ್ಲ ನಮ್ದು. ಆಡು ಮಾರೋವಾಗ ಎಷ್ಟು ಸುಳ್ಳು ಹೇಳಿದೀನೋ ಲೆಕ್ಕ ಇಲ್ಲ" ಎನ್ನುತ್ತಾರೆ. "ಪೂರ್ತಿ ಹೇಳಿದ್ರೆ ಅರ್ಥ ಆಗುತ್ತೆ ಅಂದ್ಕೊಂಡೆ. ಆ ಗಬ್ಬದ ಆಡು ಕೂಗಿದ್ದು, ಹಿಟ್ಟಿನ ಮೂಟೆ ವಾಪಸ್ ಹೋಗಿದ್ದು, ಬೀಗ ಒಡೆದಿದ್ದು, ಎಲ್ಲಾ ಹೇಳ್ದೆ. ಅರ್ಧ ಗಂಟೆ ಹೇಳ್ದೆ. ಅವರು ಒಂದು ಸಾಲು ಬರ್ಕೊಂಡ್ರು."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಹೊಲದ ಅಂದಿನ ಒಡತಿಯೇ ದಾರಿ ಖಾಸಗಿ ಎಂದು ಬರೆದು ಬೀಗ ಹಾಕಿದ್ದಾಗಿ ಒಪ್ಪಿಕೊಂಡಿರುವುದರಿಂದ, ಎಂದು ಶುರುವಾಗುತ್ತದೆ ತೀರ್ಪು. ಮೂವತ್ತೊಂದು ವರ್ಷದ ಗುದ್ದಲಿ ಕೆಲಸಕ್ಕೆ ಅದರಲ್ಲಿ ಜಾಗವಿಲ್ಲ. ಈ ದಾರಿಯಲ್ಲಿ ತೆಗೆದ ಸಾವಿರಾರು ಫೋಟೋಗಳಲ್ಲಿ ಒಂದರಲ್ಲೂ ಗಾದೋರ್ ಇಲ್ಲ. ಅವರದೆಂದು ಉಳಿದದ್ದು ಆ ಹಲಗೆಯ ಚಿತ್ರವೊಂದೇ. ಈ ಅನ್ಯಾಯಕ್ಕೆ ಯಾರನ್ನು ಬೈಯಬೇಕೋ ಗೊತ್ತಾಗದೆ ಊರು ಗಾದೋರ್ ಅವರನ್ನೇ ಬೈಯುತ್ತಿದೆ, ಕೈಗೆ ಸಿಗುವವರು ಅವರೊಬ್ಬರೇ.

ಬೇಕರಿಯಲ್ಲಿ ಫ್ರಾಸ್ಕಿತಾ ಈಗ ಬ್ರೆಡ್ಡನ್ನು ಗಾದೋರ್ ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲೆ ಇಡುತ್ತಾಳೆ. "ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಆ ಜೋಡುಕೋಲಿನವನ ಕಥೆ ಅದು. ಅವನಿಗೆ ಉಣ್ಣೋಕಿಟ್ಟೋಳು ಇವಳು. ನನ್ನ ಪಾತಿ ಟೊಮೆಟೊ ಈ ವರ್ಷ ಯಾರು ಹೊರ್ತಾರೆ, ಇವಳ ಸತ್ಯ ಹೊರುತ್ತಾ?" ಎಂದು ನನ್ನೆದುರೇ, ಗಾದೋರ್‌ಗೆ ಕೇಳುವ ಹಾಗೆಯೇ ಹೇಳುತ್ತಾಳೆ.

ಜೋಡುಕೋಲಿನವನದು ಬಹಳ ಸೌಮ್ಯ ಸ್ವಭಾವ. ಕಾಫಿ ಕೊಟ್ಟು ಮಾತಾಡಿಸುತ್ತಾನೆ. "ಕಾನೂನು ಬಿಟ್ಟು ನಾನು ಏನೂ ಮಾಡಿಲ್ಲ. ಈ ದಾರೀನ ನನ್ನಷ್ಟು ಪ್ರೀತಿಸಿದವರು ಯಾರಿದಾರೆ ಹೇಳಿ? ಗಾದೋರ್ ನನಗೆ ತಾಯಿ ಇದ್ದ ಹಾಗೆ. ಅವರು ಯಾವತ್ತು ಬೇಕಾದ್ರೂ ಬಂದು ನಡೀಬಹುದು, ಮುಂಚೆ ಒಂದು ಫೋನ್ ಮಾಡಿದ್ರೆ ಸಾಕು."

ಇದನ್ನು ತಿಳಿಸಿದಾಗ ಗಾದೋರ್ ಸುತ್ತಿಗೆ ಕೆಳಗಿಡುತ್ತಾರೆ. ಆಮೇಲೆ, "ಫೋನ್ ಮಾಡಿ ಏನಂತ ಹೇಳ್ಲಿ? ಕಾಲು ಬರ್ತಿದೆ ಅಂತಾನಾ?" ಎನ್ನುತ್ತಾರೆ.

ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ಇಂಥ ಲೇಖನದಲ್ಲಿ ಕೇಳಲೇಬೇಕಾದ ಪ್ರಶ್ನೆ. ಅವರು ಹದಿನಾರನೆಯ ತಿರುವಿನ ಗೋಡೆ ತೋರಿಸುತ್ತಾರೆ. ಅದರ ಬುಡದಲ್ಲಿ ನೀರಿಗೊಂದು ಕಂಡಿಯಿದೆ. ವಾರಕ್ಕೊಮ್ಮೆ ಕೈ ಹಾಕಿ ಮಣ್ಣು ಎಳೆಯದಿದ್ದರೆ ಒಳಗೆ ನೀರು ನಿಂತು ಗೋಡೆ ಬಸುರಾಗುತ್ತದೆ, ಆಮೇಲೆ ದಾರಿ ಸಮೇತ ಕೊರಕಲಿಗೆ. "ಇದನ್ನ ಅವರ ತೋಟದೋನಿಗೆ ತೋರಿಸ್ಕೊಡ್ಬೇಕು, ಅಷ್ಟೇ ನನ್ನಾಸೆ. ಹೇಳ್ದೆ. ಇಂಜಿನಿಯರ್ ಬರ್ತಾನೆ ಅಂದ ಜೋಡುಕೋಲಿನವ. ಮಳೆ ಇಂಜಿನಿಯರ್‌ನ ಕೇಳ್ಕೊಂಡು ಬರುತ್ತಾ?"

ಶುಕ್ರವಾರ ಗೇಟು ಎದ್ದಿತು. ಅದರ ಮೇಲಿನ ಬೋರ್ಡು ಮೂರು ಭಾಷೆಯಲ್ಲಿದೆ. ಈಸ್ಟರ್ ವಾರದ ಮಂಗಳವಾರ ಇಡೀ ದಿನ ಮಳೆ ಹೊಡೆಯಿತು.

ಬುಧವಾರ ನಸುಕಿನಲ್ಲಿ ಗಾದೋರ್ ಆಡುಗಳ ಹಳೆಯ ಕಳ್ಳದಾರಿ ಹಿಡಿದು, ಗೇಟನ್ನು ಬಳಸಿ, ಹದಿನಾರನೆಯ ತಿರುವಿಗೆ ಇಳಿದಿದ್ದಾರೆ. ಗೋಡೆ ಉಬ್ಬಿದೆ. ತೋಳಿನವರೆಗೂ ಕಂಡಿಯೊಳಗೆ ಕೈ ತೂರಿಸಿ ಮಣ್ಣು, ಎಲೆ, ಒಂದು ಪ್ಲಾಸ್ಟಿಕ್ ಬಾಟಲಿ ಎಳೆಯುತ್ತಾರೆ. ಕಂದು ನೀರು ಭುಸುಗುಟ್ಟಿ ಹೊರಬೀಳುತ್ತದೆ. ಆಮೇಲೆ ಮೇಲಿನ ಸಾಲು ಬಿಚ್ಚಿ, ಒಂದೊಂದೇ ಕಲ್ಲಿನ ಮಗ್ಗುಲು ನೋಡಿ ಮತ್ತೆ ಕೂರಿಸುತ್ತಾರೆ. ಎರಡೂವರೆ ಗಂಟೆ ಹಿಡಿಯುತ್ತದೆ. ಇದಕ್ಕೆ ಕೂಲಿಯಿಲ್ಲ, ಸಿಕ್ಕಿಬಿದ್ದರೆ ದಂಡವಿದೆ.

ತಿಂಡಿ ಮುಗಿಸಿದ ಇಬ್ಬರು ಅತಿಥಿಗಳು ಮೇಲಿನಿಂದ ಇಳಿದು ಬರುತ್ತಾರೆ. ಹೊಸ ಬೂಟು, ಹೊಸ ಕೋಲು. ಮುಂದಿದ್ದಾಕೆ ದಾರಿಯಂಚಿನಲ್ಲಿ ಈಗಷ್ಟೇ ಕೂರಿಸಿದ ಕಲ್ಲಿನ ಮೇಲೆ ಪೂರ್ತಿ ಭಾರ ಹಾಕಿ ಕಾಲಿಡುತ್ತಾಳೆ. ಕಲ್ಲು ಅಲುಗುವುದಿಲ್ಲ. ಮೈಯೆಲ್ಲ ಕೆಸರಾದ ಮುದುಕಿಯನ್ನು ಕಂಡು ನಿಂತು, ಮಕ್ಕಳಿಗೆ ಹೇಳುವಷ್ಟು ಮೆಲ್ಲಗೆ, ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಹೇಳುತ್ತಾಳೆ.

"ಅಮ್ಮಾ, ಕ್ಷಮಿಸಿ. ಇದು ಖಾಸಗಿ ಜಾಗ. ಒಳಗೆ ಬರಬಾರದು ಅಂತ ಬರೆದಿದೆ, ನೀವು ನೋಡ್ಲಿಲ್ವಾ?"

ಗಾದೋರ್ ಲಂಗಕ್ಕೆ ಕೈ ಒರೆಸಿಕೊಳ್ಳುತ್ತಾರೆ.

"ಗೊತ್ತು ಮಗಳೇ. ಬರೆದೋಳು ನಾನೇ."