ಶಾಂತಕ್ಕನ ಪಾಥ್ ನೋಟ್‌ಬುಕ್

ಪ್ರೋಗ್ರಾಂ ಬರೆಯಲೆಂದು ಹೊಸ ಲ್ಯಾಪ್‌ಟಾಪಿಗೆ ಜಾವಾ ಹಾಕುತ್ತಿದ್ದೆ. ‘ಪಾಥ್’ ಪಟ್ಟಿ ತೆರೆದದ್ದೇ ತಡ, ಕೈ ತಾನಾಗಿ ಪೆನ್ಸಿಲ್ ಹುಡುಕಿತು. ನಗಬೇಡಿ. ಪಾಥ್ ಎಂದರೆ ಯಾವ ಸಾಫ್ಟ್‌ವೇರ್ ಯಾವ ಫೋಲ್ಡರಿನಲ್ಲಿದೆ ಎಂದು ಕಂಪ್ಯೂಟರ್ ನೋಡಿಕೊಳ್ಳುವ ವಿಳಾಸಗಳ ಸಾಲು. ಅದನ್ನು ಮುಟ್ಟುವ ಮೊದಲು ಕಾಗದದಲ್ಲಿ ಬರೆದುಕೊಳ್ಳುವ ಚಾಳಿ ನನಗೆ ಶಾಂತಕ್ಕನಿಂದ ಬಂತು.

ಬೀದರ್ ಕಡೆಯ ಶಾಂತಕ್ಕ ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರ ಮೇಲೆ ಐದು ಕಂಪ್ಯೂಟರ್ ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಪಾಠ ತೆಲುಗಿನಲ್ಲಿ, ಬೈಗುಳ ಹಿಂದಿಯಲ್ಲಿ; ಕಾಚಿಗೂಡದಿಂದ ನಡೆದು ಬರುವ ನನ್ನೊಬ್ಬಳಿಗೆ ಎರಡೂ ಕನ್ನಡದಲ್ಲಿ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಕಂಪ್ಯೂಟರಿನ ಪಾಥನ್ನೂ ಬರೆದಿಟ್ಟಿದ್ದರು. “ಹಳೇದು ಅಳಿಸಬ್ಯಾಡವ್ವಾ, ಕಡೀಗೆ ನಿಂದು ಸೇರಿಸು” ಎಂಬುದು ದಿನದ ಮಂತ್ರ.

ನಾನೋ ಅತಿ ಜಾಣೆ. ಒಂದು ಬೆಳಿಗ್ಗೆ ಮೂರನೇ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಫೋಲ್ಡರ್ ಮಾಡಿ ಹೊಸ ಜಾವಾ ಇಳಿಸಿದೆ. ನನ್ನೊಬ್ಬಳ ಲಾಗಿನ್ನಿಗೆ ಸೇರಿಸಿದ್ದರೆ ಸಾಕಿತ್ತು. ಎಲ್ಲರಿಗೂ ಅನ್ವಯಿಸುವ ಪಾಥ್‌ಗೇ ಕೈ ಹಾಕಿದೆ. ಆ ಉದ್ದ ಸಾಲು ಕಂಡು ಬೇಸರವಾಗಿ ಪೂರಾ ಅಳಿಸಿ ನನ್ನದೊಂದನ್ನೇ ಬರೆದೆ. ಜಾವಾ ಓಡಿತು. ಖುಷಿಯಲ್ಲಿ ಮಿರ್ಚಿ ಬಜ್ಜಿ ತಿನ್ನಲು ಕೆಳಗಿಳಿದೆ.

ವಾಪಸು ಬಂದರೆ ಗದ್ದಲವೋ ಗದ್ದಲ. ಮಧ್ಯಾಹ್ನ ಒಂದು ಶಾಲೆಯವರು ಬರುವವರಿದ್ದರು. ನಮ್ಮವರು ಮಾಡಿದ ಪ್ರೋಗ್ರಾಂ ಮೆಚ್ಚಿದರೆ ಅವರ ಮಕ್ಕಳೆಲ್ಲ ಅಕ್ಕನ ಹತ್ತಿರ ಕಲಿಯುತ್ತಾರೆ. ಇಲ್ಲವಾದರೆ ಲ್ಯಾಬ್ ಮುಚ್ಚುವುದೇ. ಪ್ರೋಗ್ರಾಂ ಇದ್ದದ್ದು ಆ ಮೂರನೇ ಕಂಪ್ಯೂಟರಿನಲ್ಲಿ. ಅದಕ್ಕೆ ಬೇಕಾದ ಒಂದು ಸಾಫ್ಟ್‌ವೇರೂ ಈಗ ಸಿಗುತ್ತಿರಲಿಲ್ಲ.

“ಯಾರ್ ಮುಟ್ಟೀರಿ ಇದನ್ನ?” ಅಕ್ಕ ಕನ್ನಡದಲ್ಲೇ ಕೇಳಿದರು. ಅಯ್ಯೋ ಶಿವನೇ, ಬಜ್ಜಿಯ ಎಣ್ಣೆ ಕೈ ಒರೆಸಿಕೊಳ್ಳುತ್ತ ಎಲ್ಲರ ಹಿಂದೆ ಸರಿದು ನಿಂತೆ. ಪಾಥ್ ತೆರೆದು ನೋಡಿದ ಅಕ್ಕ ನನ್ನನ್ನೇ ಕರೆದರು: “ಬಾರವ್ವಾ. ನಾ ಓದತೀನಿ, ನೀ ಟೈಪ್ ಮಾಡು.” ನೋಟ್‌ಬುಕ್ ಹಿಡಿದು ಒಂದೊಂದೇ ಅಕ್ಷರ ಓದಿದರು, ನಾನು ಒತ್ತುತ್ತ ಹೋದೆ. ಶಾಲೆಯವರು ಬಂದರು, ನೋಡಿದರು, ಒಪ್ಪಿದರು. ನನ್ನ ಟೈಪಿಂಗ್ ಚುರುಕು ಅಂತ ಕರೆದರೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ ನೋಡಿ!

ಇವತ್ತು ಪಟ್ಟಿಗೆ ಹೊಸ ಸಾಲು ಸೇರಿಸುವಾಗ ಅದರ ನಡುವಿನ ಒಂದು ಫೋಲ್ಡರಿನ ವಿಳಾಸದಲ್ಲಿ ನನ್ನ ಹೆಸರು ಕಂಡಿತು. ಅವತ್ತೂ ಪಾಥ್‌ನಲ್ಲಿ ಉಳಿದಿದ್ದದ್ದು ನನ್ನ ಹೆಸರಿನ ಸಾಲೊಂದೇ.

ಸಿಕಂದರಾಬಾದಿನಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿದೆ. “ಅಕ್ಕಾ, ಅವತ್ತ ಪಾಥ್ ಅಳಿಸಿದಾಕಿ ನಾನ್ರೀ.”

“ಗೊತ್ತಿತ್ತವ್ವಾ,” ಎಂದು ನಕ್ಕರು. “ಸಂಜೀಗಾದ್ರೂ ಬಂದು ಹೇಳತಾಳ ಅಂತ ಆ ದಿನ ಕತ್ತಲಾಗೂತನಕ ಲ್ಯಾಬ್ ತಗದ ಕುಂತಿದ್ದೆ.”

ಆ ದಿನ ಎಲ್ಲರಿಗಿಂತ ಮೊದಲು ಮನೆಗೆ ಓಡಿದವಳು ನಾನು.